ನಮ್ಮ ದುಡ್ಡಿನ ಲೆಕ್ಕ ಯಾವ ಸಮಿತಿ ಕೇಳ್ತದೆ?

ಸ್ವಲ್ಪ ಉದ್ದ ಇದೆ, ಓದಿ.

ಬಜೆಟ್ ಮಂಡನೆಯಾದ ಮಾರನೇ ದಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ನಮ್ಮ ಹುಡುಗರು ಕೇಳೋದು ಒಂದೇ: "ಅಣ್ಣ, ನಮ್ಗೆ ಎಷ್ಟು ಕೋಟಿ ಮಡಗವ್ರೆ?" ಮಡಗಿದ್ದನ್ನ ಯಾರು ಪರಿಶೀಲಿಸ್ತಾರೆ ಅಂತ ಯಾರೂ ಕೇಳಲ್ಲ.

ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು 1881ರಲ್ಲಿ. ಬಜೆಟ್ ಬೇಡಿಕೆಗಳಿಗೆ ಮತ ಹಾಕೋ ಅಧಿಕಾರ ಬಂದದ್ದು 1923ರ ಸುಧಾರಣೆಯಲ್ಲಿ, ಅದೂ ನ್ಯಾಯವಿಧಾಯಕ ಸಭೆಗೆ. (ಆಗಿನ್ನೂ ಕೆ.ಆರ್.ನಗರ ಇರ್ಲಿಲ್ಲ, ಯಡತೊರೆ ಇತ್ತು.) ಆಗಲೇ ಮೂರು ಸ್ಥಾಯಿ ಸಮಿತಿ ಬಂದವು. ರೈಲ್ವೆ, ವಿದ್ಯುತ್, ಲೋಕೋಪಯೋಗಿಗೆ ಒಂದು. ಸ್ಥಳೀಯಾಡಳಿತ, ಆರೋಗ್ಯಕ್ಕೆ ಒಂದು. ಹಣಕಾಸು, ತೆರಿಗೆಗೆ ಒಂದು. ಖರ್ಚಾದ ಮೇಲೆ ಲೆಕ್ಕ ನೋಡಲು ಲೆಕ್ಕಪತ್ರ ಸಮಿತಿ ಬೇರೆ. ಅಂದ್ರೆ ಕೆಲಸವನ್ನ ಇಲಾಖೆವಾರು ಹಂಚಿಕೊಂಡರು.

ಸಂಸತ್ತಿನಲ್ಲೂ ಕೊನೆಗೆ ಅದೇ ಹಂಚಿಕೆ. 1993ರಲ್ಲಿ 17 ಇಲಾಖಾ ಸ್ಥಾಯಿ ಸಮಿತಿಗಳು, 2004ರಿಂದ 24. ಪ್ರತಿ ಸಚಿವಾಲಯದ ಅನುದಾನ ಬೇಡಿಕೆ ತನ್ನ ಸಮಿತಿಗೆ ಹೋಗ್ತದೆ. ಸದನದಲ್ಲಿ ಚರ್ಚೆಯಾಗೋದು ಕೆಲವೇ ಬೇಡಿಕೆ, ಉಳಿದದ್ದಕ್ಕೆ ಕೊನೇ ದಿನ ಒಟ್ಟಿಗೆ ಮತ. ಅದಕ್ಕೇ 'ಗಿಲೋಟಿನ್' ಅನ್ನೋದು. ಆದ್ದರಿಂದ ನಿಜವಾಗಿ ಓದೋರು ಯಾರಾದ್ರೂ ಇದ್ರೆ ಸಮಿತಿಯವರೇ. ಖರ್ಚಾದ ಮೇಲೆ ಮಹಾಲೇಖಪಾಲರ ವರದಿ ಹಿಡಿದು ಕೇಳೋದು ಲೆಕ್ಕಪತ್ರ ಸಮಿತಿ. ಆ ಮಹಾಲೇಖಪಾಲರ ಹುದ್ದೆ ಎಷ್ಟು ಮುಖ್ಯ ಅಂತ ಬಾಬಾಸಾಹೇಬರು 1949ರಲ್ಲೇ ಸಂವಿಧಾನ ಸಭೆಯಲ್ಲಿ ಒತ್ತಿ ಹೇಳಿದ್ರು.

ಆದ್ರೆ ನಮ್ಮ ಉಪಯೋಜನೆ ದುಡ್ಡು ಒಂದು ಇಲಾಖೆಯಲ್ಲಿಲ್ಲ. ಕೃಷಿ, ನೀರಾವರಿ, ಶಿಕ್ಷಣ ಎಲ್ಲದರೊಳಗೂ ಚೂರುಚೂರಾಗಿದೆ. ಕೃಷಿ ಸಮಿತಿ ಕೃಷಿ ನೋಡ್ತದೆ, ಅದರೊಳಗಿನ ನಮ್ಮ ಪಾಲು ಯಾರದ್ದೂ ಅಲ್ಲ. ಎಲ್ಲ ಇಲಾಖೆಗೂ ಅಡ್ಡಲಾಗಿ ಕೇಳೋ ಸಮಿತಿ ಒಂದೇ: 1968ರಲ್ಲಿ ಸಂಸತ್ತು ರಚಿಸಿದ ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣ ಸಮಿತಿ. ಅದೂ ಶಿಫಾರಸು ಮಾಡಬಹುದು ಅಷ್ಟೇ, ಒಂದು ರೂಪಾಯಿ ಕೂಡ ಸೇರಿಸೋಕೆ ಆಗಲ್ಲ.

ನಮ್ಮ ವಿಧಾನಮಂಡಲದಲ್ಲೂ ಅಂಥದ್ದೇ ಸಮಿತಿ ಇದೆ. 2013ರ ಉಪಯೋಜನೆ ಕಾಯ್ದೆ ಬಂದಾಗ ಜನಸಂಖ್ಯೆಗೆ ತಕ್ಕಂತೆ ಶೇ. 24.1ರಷ್ಟು ಪಾಲು ಕಾನೂನಾಯ್ತು. ದೇಶದಲ್ಲಿ ಕೆಲವೇ ರಾಜ್ಯಗಳಲ್ಲಿ ಇಂಥ ಕಾಯ್ದೆ ಇದೆ, ದೊಡ್ಡ ಗೆಲುವು. ಆದರೆ ಯೋಜನೆಗೆ ಒಪ್ಪಿಗೆ ಕೊಡೋದು ಮುಖ್ಯಮಂತ್ರಿ ಅಧ್ಯಕ್ಷತೆಯ ಪರಿಷತ್ತು. ದುಡ್ಡು ಇಡೋರೂ ಅವರೇ, ನೋಡೋರೂ ಅವರೇ. 7(ಡಿ) ಸೆಕ್ಷನ್ ಇಟ್ಟುಕೊಂಡು ಸಾಮಾನ್ಯ ಕಾಮಗಾರಿಯ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯೋಕೆ ದಾರಿ ಇತ್ತು. ಹತ್ತು ವರ್ಷ ಕೂಗಾಡಿ 2023ರಲ್ಲಿ ಅದನ್ನ ತೆಗೆಸಿದ್ವಿ. ಅದೇ 2023-24ರಲ್ಲಿ ಉಪಯೋಜನೆಯ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿಗಳ ಲೆಕ್ಕಕ್ಕೆ ಹೋಯ್ತು. ಗ್ಯಾರಂಟಿಗೆ ನಾನು ವಿರೋಧಿಯಲ್ಲ, ನಮ್ಮ ಬೀದಿಗೂ ಬರ್ತದೆ. ಎಲ್ಲರಿಗೂ ಕೊಡೋದನ್ನ ನಮಗೆ ಮಾತ್ರ ನಮ್ಮ ಗಂಟಿನಿಂದ ಯಾಕೆ ಕೊಡ್ತೀರಿ?

ಕಲ್ಯಾಣ ಸಮಿತಿ ಜಿಲ್ಲೆಗೆ ಬಂದಾಗ ಮುಂದೆ ಇಡೋದು ಶೇಕಡಾವಾರು ಪ್ರಗತಿ ಪಟ್ಟಿ. ನಾನೂ ಗುಮಾಸ್ತ, ಅಂಥ ಪಟ್ಟಿ ಹೆಂಗೆ ತಯಾರಾಗ್ತದೆ ಅಂತ ಗೊತ್ತು. ಕೋಟೆಯ ಯಾವ ಹಾಡಿಗೆ, ಹುಣಸೂರಿನ ಯಾವ ಕೇರಿಗೆ ಅಂತ ಅದರಲ್ಲಿ ಇರಲ್ಲ. ಮುಂದಿನ ಸಲ ಸಮಿತಿ ಬರೋ ಹೊತ್ತಿಗೆ ನಾಲ್ಕೂ ತಾಲ್ಲೂಕಿನ ಕಾಮಗಾರಿ ಪಟ್ಟಿ ಊರಿನ ಹೆಸರಿನ ಸಮೇತ ನಮ್ಮ ಕೈಲಿರ್ಬೇಕು. ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟಿದ್ದೀನಿ, ಬೇಕಾದವರು ಮೆಸೇಜ್ ಮಾಡಿ.