ಹವ್ಯಾಸಿ ಜಾಲಬಳಗಗಳಲ್ಲಿ ಶ್ರೇಣಿ ಮತ್ತು ಬ್ಯಾಡ್ಜ್

ಅಂತರಜಾಲದಲ್ಲಿ ಒಂದೇ ಹವ್ಯಾಸದ ಜನ ಸೇರಿ ನಡೆಸುವ ಬಳಗಗಳು ತಮ್ಮ ಸದಸ್ಯರ ಹೆಸರಿನ ಪಕ್ಕದಲ್ಲಿ ತೋರಿಸುವ ಮಟ್ಟ, ಅಂಕ, ಪದಕ ಮತ್ತು ಚಿಹ್ನೆಗಳನ್ನು ಒಟ್ಟಾಗಿ ಶ್ರೇಣಿ ಮತ್ತು ಬ್ಯಾಡ್ಜ್ ಎಂದು ಕರೆಯುತ್ತಾರೆ. ಹಕ್ಕಿ ನೋಡುವವರು, ಚದುರಂಗ ಆಡುವವರು, ಕೈತೋಟ ಮಾಡುವವರು, ವಿಕಿಪೀಡಿಯದಲ್ಲಿ ಬರೆಯುವವರು ಎಲ್ಲರೂ ಸಂಬಳವಿಲ್ಲದೆ ದುಡಿಯುವವರು; ಒಬ್ಬರ ಮುಖ ಇನ್ನೊಬ್ಬರು ನೋಡಿರುವುದೂ ಅಪರೂಪ. ಯಾರ ಮಾತನ್ನು ಎಷ್ಟು ನಂಬಬಹುದು, ಯಾರಿಗೆ ಯಾವ ಅಧಿಕಾರ ಕೊಡಬಹುದು ಎಂಬುದನ್ನು ಇಂಥ ಕಡೆ ಶ್ರೇಣಿ ಹೇಳುತ್ತದೆ. ಮಾಡಿದ ಕೆಲಸ ಯಾರದೋ ಕಣ್ಣಿಗೆ ಬಿದ್ದಿದೆ ಎಂಬ ಸಮಾಧಾನವನ್ನೂ ಕೊಡುತ್ತದೆ. ಅಂಗಡಿಯಲ್ಲಿ ಚಲಾವಣೆಯಾಗದ ಈ ಗುರುತುಗಳ ಬೆಲೆ ನಿಂತಿರುವುದು ಅವನ್ನು ಕೊಟ್ಟವರು ಯಾರು, ಯಾವುದಕ್ಕೆ ಕೊಟ್ಟರು ಎಂಬುದರ ಮೇಲೆ.

ಹಿನ್ನೆಲೆ

ಈ ಗುರುತುಗಳು ಅಂತರಜಾಲಕ್ಕಿಂತ ಹಳೆಯವು. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 1911ರಿಂದಲೇ ಈಜು, ಪ್ರಥಮ ಚಿಕಿತ್ಸೆ ಮೊದಲಾದ ಕೌಶಲಗಳಿಗೆ ಬಟ್ಟೆಯ ಬ್ಯಾಡ್ಜ್ ಕೊಡುತ್ತ ಬಂದಿದೆ. ಆದರೆ ದೂರದೂರದಲ್ಲಿದ್ದು ಪರಸ್ಪರ ಕಾಣದ ಹವ್ಯಾಸಿಗಳ ಶ್ರೇಣಿಗೆ ನಿಜವಾದ ಹಿರಿಯ ಬಳಗ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವರದು. ಅಮೆರಿಕನ್ ರೇಡಿಯೊ ರಿಲೇ ಲೀಗ್ 1937ರಲ್ಲಿ ಆರಂಭಿಸಿದ ಡಿಎಕ್ಸ್‌ಸಿಸಿ ಪ್ರಶಸ್ತಿ ಬೇಕಾದರೆ ಕನಿಷ್ಠ 100 ದೇಶ ಅಥವಾ ಪ್ರದೇಶಗಳ ಹ್ಯಾಮ್‌ಗಳೊಡನೆ ಸಂಪರ್ಕ ಸಾಧಿಸಿರಬೇಕು. ಆಗೆಲ್ಲ ಪುರಾವೆಯಾಗಿ ಆಚೆ ಬದಿಯವರು ಸಂಪರ್ಕವನ್ನು ದೃಢಪಡಿಸಿ ಅಂಚೆಯಲ್ಲಿ ಕಳಿಸಿದ ಕ್ಯೂಎಸ್‌ಎಲ್ ಕಾರ್ಡನ್ನು ತೋರಿಸಬೇಕಿತ್ತು. ಅಂದರೆ ಪ್ರತಿಯೊಂದು ಅಂಕಕ್ಕೂ ಇನ್ನೊಬ್ಬ ಮನುಷ್ಯನ ಸಾಕ್ಷಿ ಬೇಕಿತ್ತು.

ಈ ಪ್ರಶಸ್ತಿಯ ಪಟ್ಟಿಯಲ್ಲಿ ಅಂಡಮಾನ್ ಮತ್ತು ನಿಕೋಬಾರ್ ಭಾರತದಿಂದ ಬೇರೆಯಾಗಿ ಲೆಕ್ಕಕ್ಕೆ ಬರುತ್ತದೆ. ಅಲ್ಲಿಂದ ವರ್ಷಗಟ್ಟಲೆ ಹ್ಯಾಮ್ ಪ್ರಸಾರ ಇರಲಿಲ್ಲ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡ ಪೋರ್ಟ್ ಬ್ಲೇರ್‌ನಲ್ಲಿ ಕೇಂದ್ರ ತೆರೆದಾಗ, ಆ ಒಂದು ಅಂಕಕ್ಕಾಗಿ ಜಗತ್ತಿನ ಹ್ಯಾಮ್‌ಗಳು ಮುಗಿಬಿದ್ದರು. 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿತು. ತಂಡದವರು ಪಟ್ಟಿಯ ಕೆಲಸ ಅಲ್ಲಿಗೇ ಬಿಟ್ಟು ದ್ವೀಪದವರ ಕ್ಷೇಮಸಮಾಚಾರವನ್ನು ಹೊರಗೆ ಮುಟ್ಟಿಸುವುದಕ್ಕೆ ನಿಂತರು. ಶ್ರೇಣಿಯ ಹಂಬಲ ಜನರನ್ನು ಎಂಥ ಕಡೆಗೆ ಕರೆದೊಯ್ಯಬಹುದು, ಅಲ್ಲಿ ಅವರ ಕೈಯ ಕೌಶಲ ಎಷ್ಟು ದೊಡ್ಡ ಕೆಲಸಕ್ಕೆ ಒದಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಜಾಲತಾಣಗಳು ಬಂದಾಗ ಎಣಿಕೆ ಯಂತ್ರದ ಪಾಲಾಯಿತು. 1997ರಲ್ಲಿ ಆರಂಭವಾದ ಸ್ಲಾಷ್‌ಡಾಟ್ ಎಂಬ ತಂತ್ರಜ್ಞಾನ ಸುದ್ದಿತಾಣ ತನ್ನ ಓದುಗರ ಬರಹಗಳಿಗೆ ಸಿಕ್ಕ ಮೆಚ್ಚುಗೆಯನ್ನು ‘ಕರ್ಮ’ ಎಂಬ ಅಂಕವಾಗಿ ಇಟ್ಟಿತು. ಜನ ಅದನ್ನು ಪಂದ್ಯವೆಂದು ತಿಳಿದು ಆಡತೊಡಗಿದಾಗ ಅಂಕ ಮರೆಮಾಡಿ ಬರಿಯ ಮಾತಿನಲ್ಲಿ ಮಟ್ಟವನ್ನು ಸೂಚಿಸಿತು. ಅದೇ ಕಾಲದ ಹಲವು ಚರ್ಚಾತಾಣಗಳು ಇನ್ನೂ ಒರಟಾದ ಅಳತೆ ಹಿಡಿದವು: ಎಷ್ಟು ಸಲ ಬರೆದರು ಎಂಬುದೊಂದೇ ಲೆಕ್ಕ, ಅದರ ಪ್ರಕಾರ ಕಿರಿಯ ಸದಸ್ಯ, ಸದಸ್ಯ, ಹಿರಿಯ ಸದಸ್ಯ. ಏನು ಬರೆದರು ಎಂಬುದು ಲೆಕ್ಕಕ್ಕೇ ಬರುತ್ತಿರಲಿಲ್ಲ. 2005ರಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರ ಮತ್ತು 2009ರಲ್ಲಿ ಹೋದ ಜಾಗಗಳನ್ನು ದಾಖಲಿಸುವ ಫೋರ್‌ಸ್ಕ್ವೇರ್ ಇಂಥ ಬ್ಯಾಡ್ಜ್‌ಗಳನ್ನು ಮನೆಮಾತಾಗಿಸಿದವು.

ಮುಂಚಿತವಾಗಿ ಘೋಷಿಸಿದ ಬ್ಯಾಡ್ಜ್

ಯಾವ ಕೆಲಸಕ್ಕೆ ಯಾವ ಬ್ಯಾಡ್ಜ್ ಎಂದು ಮೊದಲೇ ಹೇಳಿ, ಗುರಿ ಮುಟ್ಟಿದ ತಕ್ಷಣ ಯಂತ್ರವೇ ಕೊಡುವ ಕ್ರಮಕ್ಕೆ ಅತಿ ವಿಸ್ತಾರವಾದ ಉದಾಹರಣೆ ಸ್ಟಾಕ್ ಓವರ್‌ಫ್ಲೋ. ಜೋಯೆಲ್ ಸ್ಪೋಲ್ಸ್ಕಿ ಮತ್ತು ಜೆಫ್ ಆಟ್‌ವುಡ್ 2008ರಲ್ಲಿ ಪ್ರೋಗ್ರಾಮರ್‌ಗಳಿಗಾಗಿ ಕಟ್ಟಿದ ಈ ಪ್ರಶ್ನೋತ್ತರ ತಾಣದ ಪದ್ಧತಿ ಮುಂದೆ ಸ್ಟಾಕ್ ಎಕ್ಸ್‌ಚೇಂಜ್ ಬಳಗದ ಅಡುಗೆ, ತೋಟಗಾರಿಕೆ, ಛಾಯಾಗ್ರಹಣ, ಮರಗೆಲಸ, ಚದುರಂಗದ ತಾಣಗಳಿಗೂ ಹೋಯಿತು. ಉತ್ತರವನ್ನು ಒಬ್ಬರು ಮೆಚ್ಚಿದರೆ 10 ಅಂಕ, ಕೇಳಿದವರೇ ಅದನ್ನು ಒಪ್ಪಿದರೆ 15. ಅಂಕ ಏರಿದಂತೆ ಅಧಿಕಾರ ಏರುತ್ತದೆ. ಸ್ಟಾಕ್ ಓವರ್‌ಫ್ಲೋದಲ್ಲಿ 15 ಅಂಕವಾದರೆ ಮೆಚ್ಚುಗೆ ಸೂಚಿಸಬಹುದು, 50 ಆದರೆ ಎಲ್ಲ ಕಡೆ ಟಿಪ್ಪಣಿ ಬರೆಯಬಹುದು, 2,000 ಆದರೆ ಬೇರೆಯವರ ಬರಹವನ್ನು ಯಾರ ಅನುಮತಿಗೂ ಕಾಯದೆ ತಿದ್ದಬಹುದು, 3,000 ಆದರೆ ಪ್ರಶ್ನೆಯನ್ನು ಮುಚ್ಚಲು ಮತ ಹಾಕಬಹುದು. ಒಳ್ಳೆಯದಲ್ಲದ ಉತ್ತರಕ್ಕೆ ವಿರುದ್ಧ ಮತ ಹಾಕಿದವರೂ ತಮ್ಮದೊಂದು ಅಂಕ ಕಳೆದುಕೊಳ್ಳುತ್ತಾರೆ. ಟೀಕೆ ಪುಕ್ಕಟೆಯಾಗಬಾರದೆಂಬ ಈ ನಿಯಮದ ಹಿಂದೆ ಮನುಷ್ಯಸ್ವಭಾವವನ್ನು ಬಲ್ಲವರ ವಿವೇಕವಿದೆ. ಇಲ್ಲಿ ಶ್ರೇಣಿಯೆಂದರೆ ಬರಿ ಮೆರುಗಲ್ಲ, ತಾಣವನ್ನು ನಡೆಸುವ ಹೊಣೆಯ ಹಂಚಿಕೆ.

ಇದಕ್ಕೆ ಹೊರತಾಗಿ ಕಂಚು, ಬೆಳ್ಳಿ, ಚಿನ್ನದ ಬ್ಯಾಡ್ಜ್‌ಗಳೂ ಇವೆ. ಇವುಗಳ ಪರಿಣಾಮವನ್ನು ಆಷ್ಟನ್ ಆಂಡರ್ಸನ್, ಡ್ಯಾನಿಯಲ್ ಹಟನ್‌ಲಾಕರ್, ಜಾನ್ ಕ್ಲೈನ್‌ಬರ್ಗ್ ಮತ್ತು ಯೂರೆ ಲೆಸ್ಕೊವೆಕ್ 2013ರಲ್ಲಿ ಅಳೆದು ತೋರಿಸಿದರು. ಮತ ಹಾಕಿದ್ದಕ್ಕಾಗಿ ಸಿಗುವ ಬ್ಯಾಡ್ಜ್ ಹತ್ತಿರವಾದಂತೆ ಸದಸ್ಯರು ಹಾಕುವ ಮತಗಳು ಏರುತ್ತ ಹೋಗುತ್ತವೆ, ಬ್ಯಾಡ್ಜ್ ಕೈಗೆ ಬಂದ ಮರುದಿನ ಇಳಿಯುತ್ತವೆ. ಬ್ಯಾಡ್ಜ್ ಜನರನ್ನು ಓಡಿಸಬಲ್ಲದು ಎಂಬುದು ಇದರಿಂದ ಸಾಬೀತಾಯಿತು. ಓಟ ಗುರಿಯ ಗೆರೆಯವರೆಗೆ ಮಾತ್ರ ಎಂಬುದೂ ಅಷ್ಟೇ ಸ್ಪಷ್ಟವಾಯಿತು.

ಮನಶ್ಶಾಸ್ತ್ರಜ್ಞರಿಗೆ ಇದು ಹೊಸ ಸುದ್ದಿಯಲ್ಲ. ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ. ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಚಿತ್ರ ಬಿಡಿಸಿದರೆ ಚಿನ್ನದ ಮುದ್ರೆ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನ ಕಳೆದು, ಯಾವ ಬಹುಮಾನವೂ ಇಲ್ಲದಿರುವಾಗ ನೋಡಿದರೆ, ಮೊದಲೇ ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಅನಿರೀಕ್ಷಿತವಾಗಿ ಪಡೆದ ಮಕ್ಕಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇಷ್ಟಪಟ್ಟು ಮಾಡುವ ಕೆಲಸವೇ ಹವ್ಯಾಸ; ಹಾಗಾಗಿ ಜಾಲಬಳಗ ನಡೆಸುವವರೆಲ್ಲ ಈ ಪ್ರಯೋಗವನ್ನು ಓದಿರಬೇಕು.

ಹಾಗೆಂದು ಘೋಷಿತ ಬ್ಯಾಡ್ಜ್ ಎಲ್ಲ ಕಡೆಯೂ ಕೆಟ್ಟದ್ದಲ್ಲ. ಹೊಸಬರಿಗೆ ಬಳಗದ ರೀತಿರಿವಾಜು ಕಲಿಸಲು ಅದು ತಕ್ಕ ಸಾಧನ. ಆಟ್‌ವುಡ್ ಮುಂದೆ 2013ರಲ್ಲಿ ತಂದ ಡಿಸ್ಕೋರ್ಸ್ ಎಂಬ ಚರ್ಚಾತಾಣದ ತಂತ್ರಾಂಶದಲ್ಲಿ ಮೊದಲ ಮೆಟ್ಟಿಲು ಹತ್ತಲು ಬರೆಯಲೇಬೇಕಿಲ್ಲ, ಓದಿದರೆ ಸಾಕು: ಕನಿಷ್ಠ 5 ವಿಷಯ, 30 ಬರಹ, ಒಟ್ಟು 10 ನಿಮಿಷ. ಬಾಯಿ ತೆರೆಯುವ ಮುಂಚೆ ಕಿವಿಗೊಡುವುದನ್ನು ಎಣಿಸುವ ಶ್ರೇಣಿ ವಿರಳ.

ಒಬ್ಬರು ಇನ್ನೊಬ್ಬರಿಗೆ ಕೊಡುವ ನಕ್ಷತ್ರ

ಇದಕ್ಕೆ ಪೂರ್ತಿ ಎದುರಾದ ಪದ್ಧತಿ ವಿಕಿಪೀಡಿಯದ ಬಾರ್ನ್‌ಸ್ಟಾರ್. ಅಮೆರಿಕದ ರೈತರು ಕಣಜ, ಕೊಟ್ಟಿಗೆಗಳ ಗೋಡೆಗೆ ಅಲಂಕಾರವಾಗಿ ಹೊಡೆಯುವ ಲೋಹದ ನಕ್ಷತ್ರದ ಹೆಸರು ಅದು. ಅಲ್ಲಿ ನೆರೆಹೊರೆಯವರೆಲ್ಲ ಸೇರಿ ಒಬ್ಬರ ಕೊಟ್ಟಿಗೆ ಎಬ್ಬಿಸಿಕೊಡುವ ಮುಯ್ಯಾಳಿನ ಪದ್ಧತಿಯಿದೆ. ಅದನ್ನು ನೆನಪಿಸುವಂತೆ ಮೀಟ್‌ಬಾಲ್ ಎಂಬ ವಿಕಿಯಲ್ಲಿ ಮೊಳೆತ ಈ ನಕ್ಷತ್ರದ ಕಲ್ಪನೆ 2003ರ ಡಿಸೆಂಬರಿನಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂತು. ಇದಕ್ಕೆ ಸಮಿತಿಯಿಲ್ಲ, ಅಂಕದ ಮಿತಿಯಿಲ್ಲ. ಯಾವ ಸಂಪಾದಕರು ಬೇಕಾದರೂ ಇನ್ನೊಬ್ಬ ಸಂಪಾದಕರ ಚರ್ಚಾಪುಟಕ್ಕೆ ಹೋಗಿ ನಕ್ಷತ್ರ ಅಂಟಿಸಿ, ಕೆಳಗೆ ಕಾರಣ ಬರೆದು ಸಹಿ ಹಾಕಬಹುದು. ಕಾಗುಣಿತ ತಿದ್ದುವವರಿಗೆ, ಕಿಡಿಗೇಡಿಗಳು ಕೆಡಿಸಿದ ಪುಟ ಸರಿಪಡಿಸುವವರಿಗೆ, ಚಿತ್ರ ತೆಗೆದು ಸೇರಿಸುವವರಿಗೆ ಬೇರೆಬೇರೆ ನಕ್ಷತ್ರಗಳಿವೆ. ಬೆಲೆಯಿರುವುದು ಚಿತ್ರಕ್ಕಲ್ಲ, ಆ ಎರಡು ಸಾಲು ಕಾರಣಕ್ಕೆ. ನಿಮ್ಮ ಕೆಲಸವನ್ನು ಒಬ್ಬರು ಕೂತು ಓದಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ.

ಮೈಕೇಲ್ ರೆಸ್ಟಿವೊ ಮತ್ತು ಆರ್ನೌಟ್ ವಾನ್ ಡೆ ರೈಟ್ 2012ರಲ್ಲಿ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಒರೆಗೆ ಹಚ್ಚಿತು. ಅತಿ ಹೆಚ್ಚು ದುಡಿಯುವ ಶೇ 1ರಷ್ಟು ಸಂಪಾದಕರಲ್ಲಿ, ಅದುವರೆಗೆ ನಕ್ಷತ್ರ ಪಡೆಯದ 200 ಜನರನ್ನು ಆರಿಸಿ, ಚೀಟಿ ಎತ್ತಿದಂತೆ 100 ಮಂದಿಗೆ ಬಾರ್ನ್‌ಸ್ಟಾರ್ ಕೊಟ್ಟರು. ಮುಂದಿನ 90 ದಿನಗಳಲ್ಲಿ ಪಡೆದವರ ಕೆಲಸ ಪಡೆಯದವರಿಗಿಂತ ಸುಮಾರು ಶೇ 60ರಷ್ಟು ಹೆಚ್ಚಿತ್ತು. ಅದೇ ಇಬ್ಬರು ಕಡಿಮೆ ದುಡಿಯುವವರಿಗೂ ಕೊಟ್ಟು ನೋಡಿದಾಗ ಅಂಥ ಪರಿಣಾಮ ಕಾಣಲಿಲ್ಲ ಎಂದು 2014ರಲ್ಲಿ ವರದಿ ಮಾಡಿದರು. ದುಡಿಯದವರ ಬೆನ್ನು ತಟ್ಟಿದರೆ ಅದು ಪೊಳ್ಳೆಂದು ಅವರಿಗೇ ಗೊತ್ತಾಗುತ್ತದೆ. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಓದಿದರೆ ನನಗೆ ತೋರುವ ಅರ್ಥ ಇದು.

ಹೊಸಬರ ವಿಷಯ ಸ್ವಲ್ಪ ಬೇರೆ. ಯಾನಾ ಗಾಲುಸ್ ಜರ್ಮನ್ ವಿಕಿಪೀಡಿಯದಲ್ಲಿ ಸುಮಾರು 4,000 ಹೊಸ ಸಂಪಾದಕರ ನಡುವೆ ಎಡೆಲ್‌ವೈಸ್ ಹೂವಿನ ಹೆಸರಿನ ಪ್ರಶಸ್ತಿಯನ್ನು ಚೀಟಿಯೆತ್ತಿ ಹಂಚಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮರುತಿಂಗಳೂ ಬರೆಯುತ್ತ ಉಳಿದವರ ಪ್ರಮಾಣ ಪ್ರಶಸ್ತಿ ಪಡೆದವರಲ್ಲಿ ಶೇ 20ರಷ್ಟು ಹೆಚ್ಚಿತ್ತು, ಪರಿಣಾಮ ಒಂದು ವರ್ಷದವರೆಗೂ ಮಾಸಲಿಲ್ಲ. ಇವರೆಲ್ಲ ಆಗಷ್ಟೇ ಬಂದು ಒಂದಿಷ್ಟು ಕೆಲಸ ಮಾಡಿದವರು, ಬಳಗದಲ್ಲಿ ಒಬ್ಬರ ಪರಿಚಯವೂ ಇಲ್ಲದವರು. ನೀವೂ ನಮ್ಮವರು ಎಂಬ ಮಾತು ಅವರಿಗೆ ಬೇಕಿತ್ತು.

ಹಕ್ಕಿಪಟ್ಟಿಗಳು

ಎಣಿಕೆಯ ಆಸೆಯನ್ನು ಜಾಣತನದಿಂದ ತಿರುಗಿಸಿಕೊಂಡ ಬಳಗ ಹಕ್ಕಿ ವೀಕ್ಷಕರದು. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಆರಂಭಿಸಿದ, ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್‌ನಲ್ಲಿ ದೇಶ, ರಾಜ್ಯ, ಜಿಲ್ಲೆಗಳ ಮೊದಲ 100 ಜನರ ಪಟ್ಟಿ ಇದೆ. ಕಂಡ ಪ್ರಭೇದಗಳ ಲೆಕ್ಕದಲ್ಲಿ ಮೇಲೇರಬೇಕಾದರೆ ಓಡಾಡಬೇಕು: ಒಂದು ವಾರ ದಾಂಡೇಲಿ, ಇನ್ನೊಂದು ವಾರ ರಂಗನತಿಟ್ಟು, ಮತ್ತೊಂದು ವಾರ ಕರಾವಳಿ. ಅದೇ ಊರ ಕೆರೆಗೆ ದಿನಾ ಹೋಗಿ ಅದೇ ಮೂವತ್ತು ಹಕ್ಕಿಗಳನ್ನು ಬರೆದಿಡುವವರು ಆ ಪಟ್ಟಿಯಲ್ಲಿ ಕೆಳಗೇ ಉಳಿಯುತ್ತಾರೆ, ಆದರೆ ವಿಜ್ಞಾನಕ್ಕೆ ಹೆಚ್ಚು ಬೇಕಾದದ್ದು ಅವರ ಟಿಪ್ಪಣಿ. ಗುಬ್ಬಿ ಕಡಿಮೆಯಾಯಿತೋ ಹೆಚ್ಚಿತೋ ಎಂದು ತಿಳಿಯಬೇಕಾದರೆ ಗುಬ್ಬಿಯನ್ನು ತಪ್ಪದೆ ಬರೆದವರ ಪಟ್ಟಿಯೇ ಆಗಬೇಕು.

ಭಾರತದ ಹಕ್ಕಿ ವೀಕ್ಷಕರನ್ನು ಒಗ್ಗೂಡಿಸುವ ಬರ್ಡ್ ಕೌಂಟ್ ಇಂಡಿಯಾ ಇದಕ್ಕೆ ಕಂಡುಕೊಂಡ ಉಪಾಯ ತಿಂಗಳ ಸವಾಲು. ಕನಿಷ್ಠ ಕಾಲು ಗಂಟೆಯ, ಕಂಡದ್ದು ಕೇಳಿದ್ದೆಲ್ಲ ಸೇರಿದ ಪೂರ್ಣ ಪಟ್ಟಿಗಳನ್ನು ಗೊತ್ತಾದ ಸಂಖ್ಯೆಯಲ್ಲಿ ಕೊಟ್ಟವರೆಲ್ಲ ಸಮಾನರು. ಅವರ ಹೆಸರುಗಳೆಲ್ಲ ಪ್ರಕಟವಾಗುತ್ತವೆ. ಹಕ್ಕಿ ವೀಕ್ಷಣೆಗೆ ಸಂಬಂಧಿಸಿದ ಸಣ್ಣ ಉಡುಗೊರೆ ಅವರಲ್ಲಿ ಒಬ್ಬರಿಗೆ ಹೋಗುತ್ತದೆ, ಅದೂ ಲಾಟರಿಯಿಂದ. ಮೊದಲ ಸ್ಥಾನವೆಂಬುದೇ ಇಲ್ಲದ ಕಾರಣ ಸುಳ್ಳು ಬರೆದು ಗಿಟ್ಟುವುದೇನಿಲ್ಲ, ಮನೆಯ ತಾರಸಿಯಿಂದ ಹಕ್ಕಿ ನೋಡುವವರಿಗೂ ಜೀಪಿನಲ್ಲಿ ಕಾಡು ಸುತ್ತುವವರಿಗೂ ಒಂದೇ ಗೌರವ. ಬ್ಯಾಡ್ಜ್ ರೂಪಿಸುವ ಯಾರೇ ಆಗಲಿ ನಕಲು ಮಾಡಬಹುದಾದ ವಿನ್ಯಾಸ ಇದು.

2008ರಲ್ಲಿ ಬರ್ಕ್‌ಲಿಯ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐನ್ಯಾಚುರಲಿಸ್ಟ್ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಮುಖ್ಯವಾದ ಬ್ಯಾಡ್ಜ್ ಮನುಷ್ಯನಿಗಲ್ಲ, ಅವನು ಕಂಡ ಗಿಡ ಅಥವಾ ಹುಳುವಿನ ದಾಖಲೆಗೆ. ದಿನಾಂಕ, ಸ್ಥಳ, ಚಿತ್ರ ಅಥವಾ ಧ್ವನಿ ಇದ್ದು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಹೆಸರಿಗೆ ಒಪ್ಪಿದರೆ ಆ ದಾಖಲೆ ‘ಸಂಶೋಧನಾ ದರ್ಜೆ’ಗೆ ಏರುತ್ತದೆ.

ಬೆಲೆ ಕುಸಿಯುವ ಬಗೆ

ಪ್ರಮಾಣಕ್ಕೆ ಕೊಟ್ಟ ಗುರುತು ಪ್ರಮಾಣವನ್ನೇ ಬೆಳೆಸುತ್ತದೆ. ಗೂಗಲ್ ಮ್ಯಾಪ್ಸ್‌ನ ಲೋಕಲ್ ಗೈಡ್ಸ್‌ನಲ್ಲಿ ಹತ್ತು ಮಟ್ಟಗಳು, ಕೊನೆಯದಕ್ಕೆ 1,00,000 ಅಂಕ. ವಿಮರ್ಶೆಗೆ 10, ಚಿತ್ರಕ್ಕೆ 5. ಹೋಟೆಲಿನ ಒಂದೇ ದೋಸೆಯ ನಾಲ್ಕು ಮಸುಕು ಚಿತ್ರಗಳು ಯಾಕೆ ಬರುತ್ತವೆಂಬುದಕ್ಕೆ ಈ ಲೆಕ್ಕವೂ ಒಂದು ಕಾರಣ. 200 ಅಕ್ಷರ ಮೀರಿದ ವಿಮರ್ಶೆಗೆ ಹೆಚ್ಚಿನ ಅಂಕ ಇಟ್ಟದ್ದು ಇದನ್ನು ತಿದ್ದುವ ಪ್ರಯತ್ನ.

ಬಿಡುವಿಲ್ಲದ ದಿನಗಳ ಎಣಿಕೆ ಇನ್ನೂ ಅಪಾಯಕರ, ಏಕೆಂದರೆ ಅದು ವಿಶ್ರಾಂತಿಯನ್ನು ದಂಡಿಸುತ್ತದೆ. ಪ್ರೋಗ್ರಾಮರ್‌ಗಳು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣ 2016ರ ಮೇ ತಿಂಗಳಲ್ಲಿ ಸದಸ್ಯರ ಪುಟದಿಂದ ಈ ಎಣಿಕೆಯನ್ನು ತೆಗೆದುಹಾಕಿತು. ಉದ್ದನೆಯ ಸರಣಿ ಕಾಯ್ದುಕೊಂಡಿದ್ದ ಹಲವರು ಅದನ್ನು ಕೈಬಿಟ್ಟರೆಂದೂ ವಾರಾಂತ್ಯದ ದುಡಿಮೆ ಇಳಿಯಿತೆಂದೂ ಮುಂದೆ ಸಂಶೋಧಕರು ತೋರಿಸಿದರು. ಚದುರಂಗದ ಲಿಚೆಸ್ ತಾಣ ಆಟದ ನಡುವೆ ಎದುರಾಳಿಯ ರೇಟಿಂಗ್ ಕಾಣದಂತೆ ಮಾಡುವ ಅವಕಾಶ ಕೊಟ್ಟಿದೆ. ಹೊಸಬರು 1,500ರಿಂದ ಶುರುಮಾಡುವ ಆ ಅಂಕ ಸರಿಸಮ ಜೋಡಿ ಹುಡುಕಲು ಬೇಕೇ ಬೇಕು. ಆಡುವವರ ಕಣ್ಣೆದುರು ಸದಾ ಇರಲೇಬೇಕೆಂದಿಲ್ಲ. ಇನ್ನು ದುಡ್ಡಿಗೆ ಮಾರಿದ ಬ್ಯಾಡ್ಜ್ ಮಾರಿದವರ ಗಳಿಕೆಯನ್ನಷ್ಟೇ ಹೇಳುತ್ತದೆ.

ತಾಣ ಮುಚ್ಚಿದರೆ ಶ್ರೇಣಿಯೂ ಹೋಯಿತು. ಯಾಹೂ ಆನ್ಸರ್ಸ್‌ನಲ್ಲಿ ವರ್ಷಾನುಗಟ್ಟಲೆ ಉತ್ತರ ಕೊಟ್ಟು ಏಳನೆಯ ಮಟ್ಟಕ್ಕೆ ಏರಿದವರ ಅಂಕಗಳು 2021ರ ಮೇ 4ರಂದು ತಾಣದೊಡನೆಯೇ ಇಲ್ಲವಾದವು.

ಸಣ್ಣ ಬಳಗಗಳಲ್ಲಿ

ಲಕ್ಷಾಂತರ ಜನರಿಗಾಗಿ ಗೊತ್ತುಮಾಡಿದ ಮಿತಿಗಳು ಸಣ್ಣ ಭಾಷೆಯ ಅಥವಾ ಅಪರೂಪದ ಹವ್ಯಾಸದ ಬಳಗಕ್ಕೆ ಹೊಂದುವುದಿಲ್ಲ. ಒಂದು ಉತ್ತರಕ್ಕೆ 100 ಮೆಚ್ಚುಗೆ ಬಂದರೆ ಚಿನ್ನದ ಬ್ಯಾಡ್ಜ್ ಎಂಬ ಸ್ಟಾಕ್ ಓವರ್‌ಫ್ಲೋದ ನಿಯಮ, ಒಟ್ಟು ಓದುಗರೇ ನೂರಿಲ್ಲದ ಕಡೆ ಅರ್ಥಹೀನ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ನಿತ್ಯ ದುಡಿಯುವವರು ಕೆಲವೇ ಮಂದಿ. ಅಷ್ಟು ಸಣ್ಣ ಕೂಟದಲ್ಲಿ ನಂಬಿಕೆಗೆ ಅಂಕದ ಆಸರೆ ಬೇಕಾಗುವುದು ಕಡಿಮೆ, ಯಾರ ಕೈಬರಹ ಎಂಥದೆಂದು ಉಳಿದವರಿಗೆ ತಿಳಿದಿರುತ್ತದೆ. ಆದರೆ ಓದುಗರು ಸಾವಿರಾರು ಇದ್ದರೂ ಯಾರೂ ಮರುಮಾತಾಡದ ಕಡೆ ಬರೆಯುತ್ತ ಕೂತವರಿಗೆ ಯಾರು ನೋಡುತ್ತಾರೆ ಎಂಬ ಪ್ರಶ್ನೆ ದೊಡ್ಡದಾಗಿ ಕಾಡುತ್ತದೆ. ಅಲ್ಲಿ ಯಂತ್ರ ಕೊಟ್ಟ ಪದಕಕ್ಕಿಂತ, ಲೇಖನವನ್ನು ಓದಿ ಇಂಥ ಭಾಗ ಚೆನ್ನಾಗಿದೆ, ಇಂಥ ಇಸವಿ ಪರಿಶೀಲಿಸಿ ಎಂದು ಸಹಸಂಪಾದಕರು ಚರ್ಚಾಪುಟದಲ್ಲಿ ಬರೆದ ಸಾಲು ಹೆಚ್ಚು ಕಾಲ ಉಳಿಯುತ್ತದೆ, ಪುಟದ ಇತಿಹಾಸದಲ್ಲಿ ಬರೆದವರ ಹೆಸರು, ದಿನಾಂಕಗಳ ಸಮೇತ ಯಾರಿಗೆ ಬೇಕಾದರೂ ಸಿಗುತ್ತದೆ.