ಹಳೇ ಯೆಜ್ಡಿ, ಹಟಮಾರಿ ಕರೆಂಟು

ಹಳೆಯ ಮೋಟಾರ್‌ಸೈಕಲ್ಲನ್ನು ಮನೆಯಲ್ಲೇ ಎಬ್ಬಿಸಿ ಓಡಿಸುತ್ತೇನೆಂದು ಹೊರಟವರು ಎಂಜಿನ್ ಕೆಲಸಕ್ಕೆ ಹೆದರಿ ಕೈಬಿಡುವುದು ಕಡಿಮೆ. ಪಿಸ್ಟನ್ ಸವೆದಿದ್ದರೆ ಕಣ್ಣಿಗೆ ಕಾಣುತ್ತದೆ, ಬೇರಿಂಗ್ ಹೋಗಿದ್ದರೆ ಕಿವಿಗೆ ಕೇಳುತ್ತದೆ. ಕರೆಂಟಿನ ರೋಗ ಹಾಗಲ್ಲ. ಭಾನುವಾರ ಬೆಳಿಗ್ಗೆ ಸರಿಯಿದ್ದ ಗಾಡಿ ಸಂಜೆ ಸತ್ತಿರುತ್ತದೆ. ಮೆಕ್ಯಾನಿಕ್ ಎದುರು ನಿಲ್ಲಿಸಿದಾಗ ಮತ್ತೆ ಒಂದೇ ಕಿಕ್‌ಗೆ ಎದ್ದು ಕೂರುತ್ತದೆ. ಬೆಂಗಳೂರಿನ ಆರ್‌ಪಿಸಿ ಲೇಔಟಿನಂಥ ಬಡಾವಣೆಯಲ್ಲಿ, ಕಾರಿನ ಪಕ್ಕದ ಇಕ್ಕಟ್ಟು ಜಾಗದಲ್ಲಿ, ಆಫೀಸು ಮುಗಿಸಿ ಬಂದು ಈ ಕೆಲಸ ಮಾಡುವವರಿಗೆ ಹುಮ್ಮಸ್ಸು ಉಳಿಸಿಕೊಳ್ಳುವುದೇ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಕೆಲಸ ಮಾಡುವ ಕ್ರಮದಲ್ಲಿ ಸಿಗುತ್ತದೆ ಎಂಬುದು ಈ ಲೇಖನದ ನಂಬಿಕೆ.

ಮೈಸೂರಿನಿಂದ ಬಂದ ಗಾಡಿ

ಕರ್ನಾಟಕದಲ್ಲಿ ಹಳೇ ಬೈಕು ಎಂದರೆ ಬಹಳ ಮಂದಿಗೆ ಮೊದಲು ನೆನಪಾಗುವುದು ಜಾವಾ, ಯೆಜ್ಡಿ. ಜೆಕ್ ದೇಶದ ಜಾವಾ ಕಂಪನಿ ಶುರುವಾದದ್ದು 1929ರಲ್ಲಿ. ಅದರ ಪರವಾನಗಿ ಪಡೆದು ಮೈಸೂರಿನಲ್ಲಿ ಐಡಿಯಲ್ ಜಾವಾ ಸ್ಥಾಪನೆಯಾದದ್ದು 1960ರಲ್ಲಿ. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಅದೇ ಗಾಡಿಗಳ ಸಾಮಾನು ಹುಡುಕಿಕೊಂಡು ಇವತ್ತು ಬೆಂಗಳೂರಿಗರು ಅಲೆಯುವ ಜೆ.ಸಿ. ರಸ್ತೆ ಅವರದೇ ಹೆಸರಿನದು ಎಂಬುದು ಬರೀ ಕಾಕತಾಳೀಯ, ಆದರೂ ಹೇಳದೆ ಬಿಡಲು ಮನಸ್ಸಾಗದು. 1973ರಿಂದ ‘ಯೆಜ್ಡಿ’ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವು ಪೂರಾ ಬೇರೆ ಗಾಡಿಗಳು. ಅಂದರೆ ಮೈಸೂರಿನ ಯೆಜ್ಡಿಗಳಲ್ಲಿ ಅತ್ಯಂತ ಕಿರಿಯದರ ವೈರಿಂಗಿಗೂ ಸುಮಾರು ಮೂವತ್ತು ವರ್ಷ. ಅಷ್ಟು ಕಾಲದಲ್ಲಿ ಅದಕ್ಕೆ ಎಷ್ಟು ಮೆಕ್ಯಾನಿಕ್‌ಗಳು ಎಷ್ಟು ಬಣ್ಣದ ವೈರು ಸುತ್ತಿದ್ದಾರೋ, ದೇವರೇ ಬಲ್ಲ.

ಆರು ವೋಲ್ಟಿನ ಲೆಕ್ಕ

ಹಳೆಯ ಜಾವಾ 250ರಲ್ಲಿರುವುದು 6 ವೋಲ್ಟಿನ ವ್ಯವಸ್ಥೆ. ಎಂಜಿನ್ನಿನ ಬಲಗಡೆ ಕವರ್ ಬಿಚ್ಚಿದರೆ ಕ್ರ್ಯಾಂಕಿನ ತುದಿಯಲ್ಲಿ 45 ವ್ಯಾಟಿನ ಡೈನಮೋ. ಅದರ ಜೊತೆಗೇ ಪಾಯಿಂಟು, ಕಂಡೆನ್ಸರ್. 45 ವ್ಯಾಟನ್ನು 6 ವೋಲ್ಟಿನಿಂದ ಭಾಗಿಸಿದರೆ ಏಳೂವರೆ ಆಂಪಿಯರ್, ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ. 25 ವ್ಯಾಟಿನ ಹೆಡ್‌ಲೈಟ್, 5 ವ್ಯಾಟಿನ ಹಿಂದಿನ ದೀಪ, ಕಾಯಿಲ್ ಎಳೆಯುವ ಕರೆಂಟು ಸೇರಿದರೆ ಆದಾಯವೆಲ್ಲ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಬ್ರೇಕ್ ಲೈಟು, ಹಾರ್ನು ಬ್ಯಾಟರಿಯ ಉಳಿತಾಯದಿಂದಲೇ ಬರಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಕೆಂಪು ಚಾರ್ಜಿಂಗ್ ದೀಪ ಹೊತ್ತಿಕೊಳ್ಳುವುದು ಈ ಗಾಡಿಗಳಲ್ಲಿ ಸಹಜ. ಅದನ್ನು ರೋಗವೆಂದು ತಿಳಿದು ರೆಗ್ಯುಲೇಟರ್ ಬದಲಿಸಿ ವಾರಗಳನ್ನು ಕಳೆದುಕೊಂಡವರಿದ್ದಾರೆ. ಆಕ್ಸಿಲರೇಟರ್ ತಿರುವಿದಾಗ ದೀಪ ಆರಿದರೆ ಡೈನಮೋ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

6 ವೋಲ್ಟಿನ ಇನ್ನೊಂದು ಗುಣವನ್ನು ತಿಳಿಯದೆ ಕೈಹಾಕಿದರೆ ನಿರಾಸೆ ಖಂಡಿತ. 30 ವ್ಯಾಟಿನ ದೀಪಗಳಿಗೆ 6 ವೋಲ್ಟಿನಲ್ಲಿ 5 ಆಂಪಿಯರ್ ಹರಿಯಬೇಕು. ದಾರಿಯಲ್ಲಿ ತುಕ್ಕು ಹಿಡಿದ ಜಾಯಿಂಟು 0.2 ಓಮ್ ಅಡ್ಡಿ ಒಡ್ಡಿದರೆ 1 ವೋಲ್ಟ್ ಅಲ್ಲೇ ಹೋಯಿತು, ಅಂದರೆ ಆರರಲ್ಲಿ ಒಂದು ಪಾಲು. ತಂತಿ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ ಹೆಡ್‌ಲೈಟು ಹೆಚ್ಚುಕಡಿಮೆ ಅರ್ಧಕ್ಕೆ ಮಂಕಾಗುತ್ತದೆ. ಇದೇ ಜಾಯಿಂಟು 12 ವೋಲ್ಟಿನ ಗಾಡಿಯಲ್ಲಿದ್ದರೆ ನಷ್ಟ ಅರ್ಧ ವೋಲ್ಟು, ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಸವಾರನಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ‘6 ವೋಲ್ಟ್ ಅಂದ್ರೇನೇ ದರಿದ್ರ’ ಎಂಬ ಮಾತನ್ನು ಅರ್ಧ ಮಾತ್ರ ನಂಬಬೇಕು. 12 ವೋಲ್ಟಿಗೆ, ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಬದಲಿಸುವುದು ತಪ್ಪಲ್ಲ. ಆದರೆ ಕೊಳೆತ ಜಾಯಿಂಟುಗಳನ್ನು ಹಾಗೇ ಬಿಟ್ಟು ಬದಲಿಸಿದರೆ ಹಳೇ ರೋಗ ಹೊಸ ಹೆಸರಿನಲ್ಲಿ ವಾಪಸು ಬರುತ್ತದೆ.

ಹುಮ್ಮಸ್ಸು ಸೋರುವ ಜಾಗಗಳು

ಈ ವಿಷಯವನ್ನು ಗಂಭೀರವಾಗಿ ಯೋಚಿಸಿದವರಲ್ಲಿ ಅಮೆರಿಕದ ರಾಬರ್ಟ್ ಪಿರ್ಸಿಗ್ ಪ್ರಸಿದ್ಧ. 1968ರಲ್ಲಿ ಮಗನನ್ನು ಹಿಂದೆ ಕೂರಿಸಿಕೊಂಡು ಹೋಂಡಾ ಸೂಪರ್ ಹಾಕ್‌ನಲ್ಲಿ ಮಾಡಿದ ಪ್ರವಾಸದಿಂದ ಹುಟ್ಟಿದ ಅವರ ‘ಝೆನ್ ಅಂಡ್ ದ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ 1974ರಲ್ಲಿ ಪ್ರಕಟವಾಯಿತು. ರಿಪೇರಿ ಮಾಡುವವನ ಉತ್ಸಾಹವನ್ನು ಕಸಿಯುವ ಬಲೆಗಳನ್ನು ಅವರು ಅದರಲ್ಲಿ ವಿಂಗಡಿಸುತ್ತಾರೆ. ಕೆಲವು ಹೊರಗಿನವು: ಬಿಚ್ಚಿದ್ದನ್ನು ಜೋಡಿಸುವಾಗ ಕ್ರಮ ತಪ್ಪುವುದು, ಬಂದು ಹೋಗುವ ದೋಷ, ಸರಿಯಾದ ಸಾಮಾನು ಸಿಗದಿರುವುದು. ಕೆಲವು ಒಳಗಿನವು: ಅಹಂಕಾರ, ಆತಂಕ, ಬೇಸರ, ಅವಸರ, ಮತ್ತು ‘ಇದು ಕಾಯಿಲ್ಲೇ’ ಎಂದು ಮೊದಲೇ ತೀರ್ಮಾನಿಸಿ ಅದಕ್ಕೇ ಜೋತುಬೀಳುವುದು. ಕೊನೆಯದೇ ಎಲ್ಲಕ್ಕಿಂತ ಅಪಾಯಕಾರಿ ಎಂದು ನನಗನ್ನಿಸುತ್ತದೆ. ಕರೆಂಟಿನ ದೋಷ ಕಣ್ಣಿಗೆ ಕಾಣದ ಕಾರಣ ಊಹೆಗೆ ತಡೆಯೇ ಇರುವುದಿಲ್ಲ.

ಬಂದು ಹೋಗುವ ದೋಷಕ್ಕೆ ಪಿರ್ಸಿಗ್ ಹೇಳುವ ಮದ್ದು ಗಮನಿಸುವುದು. ಗಾಡಿ ನಿಂತದ್ದು ಹಳ್ಳ ಹಾರಿದಾಗಲೇ, ತಿರುವಿನಲ್ಲೇ, ಬಿಸಿಲು ಏರಿದಾಗಲೇ ಎಂದು ತಾಳೆ ಹಾಕಬೇಕು. ಹಾಗೇ ಓಡಿಸುತ್ತ ಕಾಯುವುದೂ ಅವರ ವಿಧಾನದ ಒಂದು ಭಾಗ. ಅಮೆರಿಕದ ಖಾಲಿ ಹೆದ್ದಾರಿಯಲ್ಲಿ ಅದು ಸರಿ, ವಿಜಯನಗರದ ಸಂಜೆಯ ಟ್ರಾಫಿಕ್ಕಿನಲ್ಲಿ ಹಿಂದಿನ ದೀಪ ಆರಿಹೋಗುವ ಗಾಡಿಯಲ್ಲಿ ಕಾಯುವುದು ಬೇಡ. ಹಗಲು ಹೊತ್ತಿನಲ್ಲಿ ಹಂಪಿನಗರದ ಒಳರಸ್ತೆಗಳಲ್ಲೇ ಸುತ್ತು ಹಾಕಿದರೆ ನಿಂತಾಗ ಮನೆಗೆ ತಳ್ಳುವ ದೂರವೂ ಕಡಿಮೆ. ಒಂದೂವರೆ ಕ್ವಿಂಟಲ್ ಹತ್ತಿರದ ಗಾಡಿಯನ್ನು ಮೈಸೂರು ರಸ್ತೆಯಿಂದ ತಳ್ಳಿಕೊಂಡು ಬಂದ ದಿನ ಯಾರ ಉತ್ಸಾಹವೂ ಉಳಿಯದು.

ಒಂದು ಸಂಜೆಗೆ ಒಂದು ಲೈನು

ಇಡೀ ವೈರಿಂಗನ್ನು ಒಂದೇ ರೋಗಿಯಂತೆ ನೋಡಬಾರದು. ಬ್ಯಾಟರಿ ಮತ್ತು ಅರ್ಥ್, ಇಗ್ನಿಷನ್, ಚಾರ್ಜಿಂಗ್, ದೀಪಗಳು, ಹಾರ್ನು ಎಂದು ಬಿಡಿಸಿಕೊಂಡು ಒಂದು ಸಂಜೆಗೆ ಒಂದನ್ನು ಮಾತ್ರ ಹಿಡಿಯಬೇಕು. ಆ ಸಂಜೆ ದೋಷ ಸಿಗದಿದ್ದರೂ ‘ಇದರಲ್ಲಿ ಇಲ್ಲ’ ಎಂಬ ಖಾತ್ರಿ ಸಿಕ್ಕಿರುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ವಾರ ಅದೇ ವೈರನ್ನು ಮತ್ತೆ ಕೆದಕುವುದು ತಪ್ಪುತ್ತದೆ. ಬದಲಿಸುವುದಿದ್ದರೆ ಒಂದು ಸಲಕ್ಕೆ ಒಂದೇ ಭಾಗ. ಪಾಯಿಂಟು, ಕಂಡೆನ್ಸರ್, ಕಾಯಿಲ್ ಮೂರನ್ನೂ ಒಟ್ಟಿಗೆ ಹಾಕಿ ಗಾಡಿ ಎದ್ದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದಿಲ್ಲ. ಏಳದಿದ್ದರೆ ಹೊಸದೇ ಕೆಟ್ಟಿದೆಯೋ ಎಂಬ ಅನುಮಾನ ಬೇರೆ. ಈಗ ಸಿಗುವ ಹೊಸ ಕಂಡೆನ್ಸರ್‌ಗಳ ವಿಷಯದಲ್ಲಿ ಆ ಅನುಮಾನ ಸುಳ್ಳಲ್ಲ, ಹಳೆಯದನ್ನು ಎಸೆಯಬೇಡಿ.

ತೀರಾ ಸೋತು ಕೂತಿದ್ದರೆ ಎರಡು ಕೆಲಸ ನೆರವಿಗೆ ಬರುತ್ತವೆ. ಒಂದು, ಹಾರ್ನು: ಅತಿ ಸರಳವಾದ ಲೈನು, ಸಂಜೆಯೊಳಗೆ ಮುಗಿಯುತ್ತದೆ, ಮನೆಯ ಮಕ್ಕಳಿಗೂ ಖುಷಿ. ಇನ್ನೊಂದು, ಬ್ಯಾಟರಿಯಿಂದ ಕಾಯಿಲ್‌ಗೆ ಫ್ಯೂಸ್ ಇರುವ ಒಂದು ತಾತ್ಕಾಲಿಕ ವೈರನ್ನು ನೇರ ಎಳೆಯುವುದು. ಗಾಡಿ ಆಗ ನಿಲ್ಲದೆ ಓಡಿದರೆ ಪಾಯಿಂಟು, ಕಂಡೆನ್ಸರ್, ಕಾಯಿಲ್ ನಿರ್ದೋಷಿಗಳು. ಕಳ್ಳ ಇರುವುದು ಕೀ ಸ್ವಿಚ್ಚಿನಲ್ಲೋ ಅದರ ಹಿಂದುಮುಂದಿನ ವೈರಿನಲ್ಲೋ. ತಿಂಗಳುಗಳಿಂದ ಮೂಕವಾಗಿದ್ದ ಎಂಜಿನ್ನಿನ ಸದ್ದು ಕೇಳುವುದು ಬೇರೆ ಲಾಭ. ಎಂಜಿನ್ ನಿಲ್ಲಿಸಲು ಆ ವೈರನ್ನು ಕಳಚಬೇಕು. ಮರೆತು ಬಿಟ್ಟರೆ, ಪಾಯಿಂಟು ಮುಚ್ಚಿದ ಜಾಗದಲ್ಲಿ ನಿಂತಿದ್ದರೆ ಕಾಯಿಲ್ ಸುಡುತ್ತದೆ.

ಪಾಯಿಂಟಿನ ಅಂತರ ಸುಮಾರು 0.4 ಮಿ.ಮೀ. ಇರಲಿ, ಫೀಲರ್ ಗೇಜಿನಿಂದ ನೋಡಿ. ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದು ಕಿಡಿ ಪರೀಕ್ಷಿಸುವಾಗ ಪೆಟ್ರೋಲ್ ಪೈಪು, ತೆರೆದ ಡಬ್ಬಿ ಹತ್ತಿರ ಬೇಡ. ಜೋಡಿ ಸೈಲೆನ್ಸರಿನ ಟೂ-ಸ್ಟ್ರೋಕ್ ಸದ್ದು ರಾತ್ರಿ ಅಕ್ಕಪಕ್ಕದವರಿಗೆ ಸಂಗೀತವಲ್ಲ, ಆದ್ದರಿಂದ ಕಿಕ್ ಹೊಡೆಯುವ ಪರೀಕ್ಷೆಗಳೆಲ್ಲ ಬೆಳಕಿರುವಾಗಲೇ ಮುಗಿಯಲಿ. ವೈರು ಸುಲಿದು, ಸ್ಲೀವ್ ಹಾಕಿ, ಬೆಸೆಯುವ ಕೆಲಸಕ್ಕೆ ಸದ್ದಿಲ್ಲ. ಊಟದ ನಂತರವೂ ಮಾಡಬಹುದು. ನಿಲ್ಲಿಸುವಾಗ ಏನಾದರೊಂದು ಕೆಲಸ ಮಾಡುತ್ತಿರುವ ಹಂತದಲ್ಲಿ ನಿಲ್ಲಿಸಿ. ಕೈಕೊಟ್ಟ ಹೊತ್ತಿನಲ್ಲಿ ಹನ್ನೊಂದು ಗಂಟೆಯವರೆಗೆ ಎಳೆದರೆ ಮರುದಿನ ಗಾಡಿಯ ಮುಖ ನೋಡಲೂ ಮನಸ್ಸು ಬರುವುದಿಲ್ಲ.

ಮೊದಲು ಅರ್ಥ್ ನೋಡಿ

ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಯೇ ಹೆಚ್ಚು ಕಾಡುವುದೇಕೆ ಎಂದು ಅನೇಕರು ಕೇಳುತ್ತಾರೆ. ಕಾರಣ ಆ ಪೇಂಟೇ. ಈ ಗಾಡಿಗಳಲ್ಲಿ ದೀಪಕ್ಕೆ ಹೋದ ಕರೆಂಟು ವಾಪಸು ಬರುವುದು ಚಾಸಿಯ ಕಬ್ಬಿಣದ ಮೂಲಕ. ಪೌಡರ್ ಕೋಟಿಂಗ್ ಅದಕ್ಕೆ ಚೆಂದದ ಗೋಡೆ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು, ಬ್ಯಾಟರಿಯಿಂದ ಎಂಜಿನ್ನಿಗೂ ಹೆಡ್‌ಲೈಟ್ ಡೂಮಿಗೂ ಪ್ರತ್ಯೇಕ ದಪ್ಪ ಅರ್ಥ್ ವೈರು ಎಳೆದರೆ ಅರ್ಧ ಕಾಯಿಲೆ ವಾಸಿಯಾದದ್ದುಂಟು.

ಇಲ್ಲಿ ಮಲ್ಟಿಮೀಟರ್ ಮೋಸ ಮಾಡುತ್ತದೆ. ಒಳಗೆ ಒಂದೇ ಎಳೆ ಉಳಿದ ವೈರಿನಲ್ಲೂ ಅದು ಪೂರ್ತಿ 6 ವೋಲ್ಟ್ ತೋರಿಸುತ್ತದೆ. ಕಾವೇರಿ ನೀರಿನ ಪೈಪು ಕಟ್ಟಿಕೊಂಡ ಮನೆಯಲ್ಲಿ ನಲ್ಲಿ ಮುಚ್ಚಿದ್ದಾಗ ಒತ್ತಡವೆಲ್ಲ ಸರಿಯಾಗೇ ಇದ್ದು, ಬಿಟ್ಟ ಕೂಡಲೇ ದಾರದಂತೆ ಹರಿಯುವ ಹಾಗೆ. ಹಳೇ ಮೆಕ್ಯಾನಿಕ್‌ಗಳು ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪ್ ಬಿಡದಿರುವುದಕ್ಕೆ ಇದೇ ಕಾರಣ: ಬಲ್ಬು ಕರೆಂಟು ಎಳೆದು ನೋಡುತ್ತದೆ. ಮೀಟರನ್ನೇ ಬಳಸುವುದಿದ್ದರೆ ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಅರ್ಥ್ ತುದಿಗೂ ಹೆಡ್‌ಲೈಟಿನ ಅರ್ಥ್ ಬೋಲ್ಟಿಗೂ ನಡುವಿನ ವೋಲ್ಟೇಜ್ ಅಳೆಯಿರಿ. 0.2 ದಾಟಿದರೆ ಜಾಯಿಂಟು ಕೆಟ್ಟಿದೆ. ಸುಮ್ಮನಿರುವ ಒಳ್ಳೆಯ 6 ವೋಲ್ಟ್ ಬ್ಯಾಟರಿ 6.3ರ ಮೇಲೆ ತೋರಿಸಬೇಕು, ಚಾರ್ಜ್ ಆಗುವಾಗ 7ರ ಆಸುಪಾಸು.

ಬೆಂಗಳೂರಿನಲ್ಲಿ ಕಾಡುವ ಇನ್ನೆರಡು ಶತ್ರುಗಳು: ಸೆಪ್ಟೆಂಬರ್–ಅಕ್ಟೋಬರಿನ ಮಳೆಗೆ ಹಸಿರುಗಟ್ಟುವ ತಾಮ್ರದ ತುದಿಗಳು, ಮತ್ತು ನಿಂತ ಗಾಡಿಯ ಸೀಟಿನಡಿ ಸಂಸಾರ ಹೂಡಿ ವೈರು ಕಡಿಯುವ ಇಲಿಗಳು. ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಜರಿಕಾಗದ ಸುತ್ತುವ ಅಭ್ಯಾಸ ಮೂರನೆಯ ಶತ್ರು, ಅದನ್ನು ಸಾಕಿದವರು ಮನುಷ್ಯರು.

ಬಿಸಿಯಾದಾಗ ಮಾತ್ರ ಬರುವ ರೋಗ

ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಎದ್ದು, ಒಂದಷ್ಟು ದೂರ ಓಡಿ, ಬಿಸಿಯಾದೊಡನೆ ಸತ್ತು, ಟೀ ಕುಡಿದು ಬರುವಷ್ಟರಲ್ಲಿ ಮತ್ತೆ ಏಳುವ ಗಾಡಿಯಲ್ಲಿ ಮೊದಲ ಅನುಮಾನ ಕಂಡೆನ್ಸರ್ ಮತ್ತು ಕಾಯಿಲ್ ಮೇಲೆ. ಕಂಡೆನ್ಸರ್ ಎಂಜಿನ್ ಬಿಸಿಗೆ ತೀರಾ ಹತ್ತಿರ ಕೂತಿರುತ್ತದೆ. ಪಾಯಿಂಟಿನಲ್ಲಿ ದಪ್ಪ ಕಿಡಿ ಹಾರುತ್ತಿದ್ದರೆ, ಮುಖ ಬೇಗ ಸುಟ್ಟು ಕಪ್ಪಾಗುತ್ತಿದ್ದರೆ ಅದೇ ಸಾಕ್ಷಿ. ತಣ್ಣಗಾದ ಮೇಲೆ ಕಾಯಿಲ್ ಅಳೆದು ‘ಸರಿಯಿದೆ’ ಎನ್ನುವುದು ವ್ಯರ್ಥ. ಗಾಡಿ ಸತ್ತ ಜಾಗದಲ್ಲೇ, ಬಿಸಿ ಇರುವಾಗಲೇ ಪರೀಕ್ಷೆ ಆಗಬೇಕು. ಅದಕ್ಕೇ ಸುತ್ತು ಹಾಕುವಾಗ ಜೇಬಿನಲ್ಲಿ ಒಂದು ಪ್ಲಗ್ಗು, ಪ್ಲಗ್ ಸ್ಪ್ಯಾನರ್ ಇರಲಿ.

ಬೀದಿಯ ಸಲಹೆ, ಪೇಟೆಯ ಸಾಮಾನು

ಗೇಟಿನ ಮುಂದೆ ಗಾಡಿ ಬಿಚ್ಚಿಕೊಂಡು ಕೂತವರಿಗೆ ಸಲಹೆಯ ಕೊರತೆಯಿಲ್ಲ. ವಾಕಿಂಗ್ ಹೊರಟ ಹಿರಿಯರು ನಿಂತು, ‘ನಮ್ದೂ ಒಂದಿತ್ತು ಕಣಪ್ಪಾ’ ಎಂದು ಶುರುಮಾಡಿ ಕೊನೆಗೆ ‘ಸುಮ್ನೆ ಮಾರ್ಬಿಡು’ ಎನ್ನುತ್ತಾರೆ. ಗುಜರಿಯವನಂತೂ ಗಾಡಿಯನ್ನೂ ನಿಮ್ಮನ್ನೂ ಒಟ್ಟಿಗೆ ತೂಗುವ ಹಾಗೆ ನೋಡುತ್ತಾನೆ. ಕೇಳುವುದಿದ್ದರೆ ಇದೇ ಗಾಡಿ ಇಟ್ಟುಕೊಂಡವರನ್ನು ಕೇಳಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಈ ಗಾಡಿಗಳ ಮಾಲೀಕರು ಕೂಡುತ್ತಾರೆ. ಯಾವ ರೆಗ್ಯುಲೇಟರ್ ಬಾಳುತ್ತದೆ, ಯಾವುದು ಬರೀ ಡಬ್ಬಿ ಎಂಬ ಜ್ಞಾನ ಅಲ್ಲಿ ಪುಕ್ಕಟೆ ಸಿಗುತ್ತದೆ.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ವೈರು, ರಿಲೇ, ಮೀಟರುಗಳಿಗೆ ಎಸ್.ಪಿ. ರಸ್ತೆ. ರೆಡಿ ವೈರಿಂಗ್ ಕಿಟ್ ಕೊಳ್ಳುವಾಗ ತಾಮ್ರದ ದಪ್ಪ ನೋಡಿ. 6 ವೋಲ್ಟಿನ ಮುಖ್ಯ ಲೈನಿಗೆ 1.5ರಿಂದ 2.5 ಚದರ ಮಿ.ಮೀ. ವೈರು ಬೇಕು, ತೆಳ್ಳಗಿನ ಕಿಟ್ಟುಗಳಲ್ಲಿ ಅದಿರುವುದಿಲ್ಲ. ಡೈನಮೋದ ಆರ್ಮೇಚರ್ ಸುಟ್ಟಿದ್ದರೆ ಅದು ವೈಂಡಿಂಗ್ ಅಂಗಡಿಯ ಕೆಲಸ, ಮನೆಯದಲ್ಲ. ಕಾರ್ಬನ್ ಬ್ರಷ್ ಬದಲಿಸುವುದು, ಕಮ್ಯುಟೇಟರ್ ಒರೆಸುವುದು ಮನೆಯಲ್ಲೇ ಆಗುತ್ತದೆ.

ಗಡುವು

ಕೊನೆಯಿಲ್ಲದ ಕೆಲಸಕ್ಕೆ ತಾರೀಖೊಂದು ಇದ್ದರೆ ಒಳ್ಳೆಯದು. ಅದನ್ನು ಕಾನೂನೇ ಕೊಟ್ಟಿದೆ. ಖಾಸಗಿ ಬೈಕಿನ ನೋಂದಣಿ ಮೊದಲು 15 ವರ್ಷ, ಆಮೇಲೆ ತಪಾಸಣೆಯೊಂದಿಗೆ 5 ವರ್ಷಕ್ಕೊಮ್ಮೆ ನವೀಕರಣ. ಪಶ್ಚಿಮ ಬೆಂಗಳೂರಿನ ಕೆಎ-02 ಕಚೇರಿ ರಾಜಾಜಿನಗರದಲ್ಲಿದೆ. ಆರ್‌ಸಿಯಲ್ಲಿ ಇನ್ನೆಷ್ಟು ತಿಂಗಳಿದೆ ಎಂದು ಇವತ್ತೇ ನೋಡಿ, ವಿಮೆ ಮತ್ತು ಹೊಗೆ ತಪಾಸಣೆಯ ದಿನಾಂಕವನ್ನೂ ಅದರ ಪಕ್ಕ ಬರೆದುಕೊಳ್ಳಿ. ಹೆಡ್‌ಲೈಟು, ಬ್ರೇಕ್ ಲೈಟು, ಹಾರ್ನು ಸತ್ತ ಗಾಡಿಯನ್ನು ತಪಾಸಣೆಗೆ ಒಯ್ದು ಪ್ರಯೋಜನವಿಲ್ಲ, ಹಾಗಾಗಿ ಆ ಮೂರು ಲೈನುಗಳು ನೋಟ್‌ಬುಕ್ಕಿನಲ್ಲಿ ಮೊದಲು ಮುಗಿಯಲಿ. ಕ್ರೋಮ್ ಪಾಲಿಶ್, ಸೀಟಿನ ರೆಕ್ಸಿನ್, ಟ್ಯಾಂಕಿನ ಸ್ಟಿಕ್ಕರು ಆಮೇಲೆ.