ಗೋಡೆಗಳನ್ನು ಕೇಳಿ ಸ್ಪೀಕರ್ ಕೊಳ್ಳಿ

ಮನೆಯ ಸ್ಟೀರಿಯೋಗೆ ಹೊಸ ಸ್ಪೀಕರ್ ಹುಡುಕುವವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ‘ನಿಮ್ಮ ಕೋಣೆ ಎಷ್ಟು ದೊಡ್ಡದು? ಗೋಡೆಯಿಂದ ಎಷ್ಟು ಈಚೆಗೆ ಇಡಬಲ್ಲಿರಿ?’ ಎಂದು ಮರುಪ್ರಶ್ನೆ ಹಾಕುವ ಅಂಗಡಿಯವನು ಸಿಕ್ಕರೆ ಅದೃಷ್ಟ. ಧ್ವನಿವರ್ಧಕದ ನೂರು ವರ್ಷಗಳ ಚರಿತ್ರೆಯೂ ಹೆಚ್ಚುಕಡಿಮೆ ಹೀಗೆಯೇ ಸಾಗಿದೆ. ಎಂಜಿನಿಯರುಗಳು ಬಹುಕಾಲ ಪೆಟ್ಟಿಗೆಯನ್ನೇ ತಿದ್ದುತ್ತ ಕೂತರು; ಅದನ್ನಿಡುವ ಕೋಣೆಯ ಕಡೆ ಹೊರಳಿ ನೋಡಿದ್ದು ತಡವಾಗಿ.

ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇಂದಿನ ಬಹುಪಾಲು ಸ್ಪೀಕರುಗಳ ಮೂಲ: ಕಾಗದದ ಶಂಕು, ಅದರ ಬೆನ್ನಿಗೊಂದು ತಂತಿಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ಶಂಕು ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನ ಗಾಳಿಯನ್ನು ಸೆಳೆಯುತ್ತದೆ; ಆ ಎರಡು ಅಲೆಗಳು ಕೂಡಿದರೆ ಮಂದ್ರದ ನಾದ ಅಳಿಸಿಹೋಗುತ್ತದೆ. ಪೆಟ್ಟಿಗೆ ಬೇಕಾದದ್ದು ಅದಕ್ಕೇ. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1930ರ ದಶಕದ ಆರಂಭದಲ್ಲಿ ಆ ಪೆಟ್ಟಿಗೆಗೊಂದು ಕಿಂಡಿ ಇಟ್ಟು, ವ್ಯರ್ಥವಾಗುತ್ತಿದ್ದ ಹಿಂಬದಿಯ ಅಲೆಯನ್ನೂ ದುಡಿಸಿಕೊಂಡರು. ಅದೇ ಬಾಸ್ ರಿಫ್ಲೆಕ್ಸ್.

ಕೋಣೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡವರಲ್ಲಿ ಅಮೆರಿಕದ ಪಾಲ್ ಕ್ಲಿಪ್ಶ್ ಒಬ್ಬರು. 1946ರಲ್ಲಿ ಮಾರಾಟಕ್ಕೆ ಬಂದ ಅವರ ಕ್ಲಿಪ್ಶ್‌ಹಾರ್ನ್ ಮೂಲೆಯಲ್ಲೇ ಕೂರಬೇಕು. ಅಲ್ಲಿ ಕೂಡುವ ಎರಡು ಗೋಡೆಗಳೇ ಕಹಳೆಯ ಮುಂದುವರಿಕೆ. ನಾಲ್ಕೈದು ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಇದ್ದರೂ ಮನೆ ತುಂಬ ಸದ್ದು. ಆದರೆ ಗಾತ್ರ ಬೀರುವಿನದು, ಖಾಲಿ ಮೂಲೆಗಳೂ ಬೇಕು.

ಈ ಗಾತ್ರದ ಸಮಸ್ಯೆಯನ್ನು ಬಗೆಹರಿಸಿದವರು ಎಡ್ಗರ್ ವಿಲ್ಚರ್. ಶಂಕುವನ್ನು ಹಿಡಿದು ಹಿಂದಕ್ಕೆಳೆಯುವ ಬಿಗಿಯಾದ ಅಂಚೇ ಮಂದ್ರದ ನಾದವನ್ನು ಕೆಡಿಸುತ್ತಿದೆ ಎಂಬುದನ್ನು ಅವರು ಗುರುತಿಸಿದರು. ಅಂಚನ್ನು ಸಡಿಲಗೊಳಿಸಿ, ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗ್ ಮಾಡಿದರು. 1954ರಲ್ಲಿ ತಮ್ಮ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆ ಸೇರಿ ಕಟ್ಟಿದ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಎಆರ್-1 ಹೊರಬಂತು. ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಪೆಟ್ಟಿಗೆಯಿಂದ ಅಂಥ ಆಳದ ನಾದ ಬರುತ್ತದೆಂದು ಅಲ್ಲಿಯವರೆಗೆ ಯಾರೂ ನಂಬಿರಲಿಲ್ಲ. ಮೂರ್ನಾಲ್ಕು ವರ್ಷಗಳಲ್ಲೇ ಸ್ಟೀರಿಯೋ ಎಲ್‌ಪಿಗಳು ಬಂದವು. ಒಂದರ ಬದಲು ಎರಡು ಪೆಟ್ಟಿಗೆ ಬೇಕಾದ ಹೊತ್ತಿಗೆ ಪೆಟ್ಟಿಗೆ ಚಿಕ್ಕದಾಗಿತ್ತು. ಇದು ಕಾಕತಾಳೀಯವೇ ಇರಬಹುದು, ಆದರೆ ಸ್ಟೀರಿಯೋ ಸಾಮಾನ್ಯ ಮನೆಗಳ ಒಳಗೆ ಬಂದದ್ದರಲ್ಲಿ ಇದರ ಪಾಲು ದೊಡ್ಡದು.

ಸಣ್ಣ ಪೆಟ್ಟಿಗೆಗೆ ತೆರಬೇಕಾದ ಬೆಲೆಯೂ ಇತ್ತು. ಕ್ಲಾಸ್ ಅವರ ಜೊತೆಗಾರ ಆಂಟನ್ ಹಾಫ್‌ಮನ್ ಹೆಸರಿನ ‘ಉಕ್ಕಿನ ನಿಯಮ’ ಇದನ್ನೇ ಹೇಳುತ್ತದೆ: ಚಿಕ್ಕ ಗಾತ್ರ, ಆಳದ ಬಾಸ್, ಕಡಿಮೆ ವಿದ್ಯುತ್ತಿಗೇ ಹೆಚ್ಚು ಸದ್ದು, ಈ ಮೂರರಲ್ಲಿ ಎರಡು ಮಾತ್ರ ನಿಮಗೆ ದಕ್ಕುತ್ತವೆ. ಜಾಹೀರಾತುಗಳು ಇಂದಿಗೂ ಮೂರನ್ನೂ ಕೊಡುತ್ತೇವೆ ಎನ್ನುತ್ತಿವೆ. ಆಂಪ್ಲಿಫೈಯರಿನ ಹೊಂದಾಣಿಕೆಯ ಗುಟ್ಟು ಇಲ್ಲಿಯೇ ಇದೆ. ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಎಂಬುದರ ಅಳತೆಯಾದ ಸೆನ್ಸಿಟಿವಿಟಿ 87 ಡೆಸಿಬಲ್ ಇರುವ ಸ್ಪೀಕರಿಗೆ ಬೇಕಾದ ಶಕ್ತಿಯ ಅರ್ಧದಲ್ಲೇ 90 ಡೆಸಿಬಲ್ ಸ್ಪೀಕರ್ ಅಷ್ಟೇ ಜೋರಾಗಿ ನುಡಿಯುತ್ತದೆ. ಜೊತೆಗೆ 4 ಓಮ್‌ಗೆ ಇಳಿಯುವ ಸ್ಪೀಕರಾದರೆ ಆಂಪ್ಲಿಫೈಯರಿಗೆ ಅಷ್ಟು ವಿದ್ಯುತ್ ಹರಿಸುವ ತಾಕತ್ತೂ ಇರಬೇಕು. ವ್ಯಾಟ್ ಒಂದನ್ನೇ ಕೇಳಿದರೆ ಇದ್ಯಾವುದೂ ತಿಳಿಯುವುದಿಲ್ಲ.

1957ರಲ್ಲಿ ಇಂಗ್ಲೆಂಡಿನ ಪೀಟರ್ ವಾಕರ್ ಪೆಟ್ಟಿಗೆಯನ್ನೇ ಕೈಬಿಟ್ಟು, ತೆಳುಹಾಳೆಯ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ತಂದರು. ಮನುಷ್ಯರ ದನಿಗೆ ಅದರಷ್ಟು ನಿಷ್ಠವಾದದ್ದು ಆಗ ಇರಲಿಲ್ಲ. ಆದರೆ ಹಿಂದಕ್ಕೂ ಅಷ್ಟೇ ನಾದ ಹೊಮ್ಮುವುದರಿಂದ ಗೋಡೆಗೆ ತಾಗಿಸಿಟ್ಟರೆ ಕೆಟ್ಟಿತು. ಬಂಗಾಳಿ ತಂದೆಯ ಮಗ ಅಮರ್ ಬೋಸ್ ಹಿಡಿದದ್ದು ತದ್ವಿರುದ್ಧ ದಾರಿ. 1968ರ ಅವರ 901ರಲ್ಲಿ ಒಂಬತ್ತು ಶಂಕುಗಳು. ಎಂಟು ಗೋಡೆಯ ಕಡೆಗೇ ಮುಖ ಮಾಡಿದ್ದವು. ಸಭಾಂಗಣದಲ್ಲಿ ಕಿವಿಗೆ ಬೀಳುವುದು ಬಹುಪಾಲು ಪ್ರತಿಫಲಿತ ನಾದ ಎಂಬ ಅವರ ಗ್ರಹಿಕೆ ಸರಿ. ಆದರೆ ಧ್ವನಿಮುದ್ರಣದಲ್ಲಿ ಆಗಲೇ ಅಡಗಿರುವ ಸಭಾಂಗಣದ ಮೇಲೆ ನಮ್ಮ ಹಾಲಿನ ಪ್ರತಿಧ್ವನಿಯನ್ನೂ ಪೇರಿಸುವುದು ನನಗೆ ಒಪ್ಪಿಗೆಯಿಲ್ಲ. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಪುಟ್ಟ ಎಲ್‌ಎಸ್3/5ಎ ಇಂದಿಗೂ ಸಣ್ಣ ಕೋಣೆಗಳ ಆರಾಧ್ಯ ದೈವ. ಅಷ್ಟರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಅವರ ಗಣಿತ ಪೆಟ್ಟಿಗೆಯ ವಿನ್ಯಾಸವನ್ನು ಊಹೆಯಿಂದ ಲೆಕ್ಕಕ್ಕೆ ತಂದಿತ್ತು.

ಉಳಿದದ್ದು ಕಿವಿಯ ಪ್ರಶ್ನೆ. ಅದನ್ನು ಕೈಗೆತ್ತಿಕೊಂಡವರು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಫ್ಲಾಯ್ಡ್ ಟೂಲ್. ಪರದೆಯ ಹಿಂದೆ ಸ್ಪೀಕರಿಟ್ಟು ಕೇಳಿಸಿದಾಗ ಜನರ ಆಯ್ಕೆಗಳು ಅಚ್ಚರಿ ಹುಟ್ಟಿಸುವಷ್ಟು ಹೊಂದುತ್ತವೆ ಎಂದು 1980ರ ದಶಕದ ಅವರ ಪ್ರಯೋಗಗಳು ತೋರಿಸಿದವು. ಎದುರಿಗೆ ಏರುಪೇರಿಲ್ಲದ ನಾದ, ಪಕ್ಕಕ್ಕೆ ಹರಡುವ ನಾದವೂ ಅದೇ ಗುಣದ್ದು: ಇಂಥ ಸ್ಪೀಕರಿಗೇ ಹೆಚ್ಚು ಅಂಕ. ಕೋಣೆಯಲ್ಲಿ ನಮಗೆ ತಲಪುವುದರಲ್ಲಿ ಬಹುಪಾಲು ಪಕ್ಕಕ್ಕೆ ಹೊರಟು ಗೋಡೆಗೆ ತಾಗಿ ಬಂದದ್ದಲ್ಲವೇ! 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಹಾರ್ಮನ್ ಕಂಪನಿಯಲ್ಲಿ ಅದೇ ಸ್ಪೀಕರುಗಳನ್ನು ಮರೆಯಲ್ಲಿಟ್ಟು ಒಮ್ಮೆ, ಕಣ್ಣೆದುರಿಗಿಟ್ಟು ಒಮ್ಮೆ ಕೇಳಿಸಿದರು. ಮರೆಯಲ್ಲಿ ಚೆನ್ನಾಗಿ ಅಂಕ ಗಳಿಸಿದ್ದ ಅಗ್ಗದ ಪುಟ್ಟ ಸೆಟ್ಟು ಕಣ್ಣಿಗೆ ಬಿದ್ದೊಡನೆ ಕೆಳಗಿಳಿಯಿತು. ಮರೆಯಲ್ಲಿದ್ದಾಗ ಸ್ಪೀಕರಿನ ಜಾಗ ಬದಲಾದರೆ ಅಂಕವೂ ಬದಲಾಗುತ್ತಿತ್ತು. ಕಣ್ಣಿಗೆ ಕಂಡಾಗ ಆ ವ್ಯತ್ಯಾಸ ಯಾರ ಗಮನಕ್ಕೂ ಹೆಚ್ಚು ಬರಲಿಲ್ಲ. ಕೇಬಲ್ಲಿನ ಗುಣಗಾನ ಮಾಡುವ ವಿಮರ್ಶಕರು ಈ ವರದಿ ಓದಿದರೆ ಒಳ್ಳೆಯದು.

ಇನ್ನು ಕೋಣೆಯ ಲೆಕ್ಕ. 12 ಅಡಿ ಅಗಲ, 15 ಅಡಿ ಉದ್ದದ ಕೋಣೆಯಲ್ಲಿ ಉದ್ದದ ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್, ಗಿಡ್ಡ ಗೋಡೆಗಳ ನಡುವೆ ಸುಮಾರು 38 ಹರ್ಟ್ಸ್ ನಾದ ನಿಂತಲೆಯಾಗಿ ಗುಂಯ್‌ಗುಡುತ್ತದೆ. ಜರ್ಮನಿಯ ಮ್ಯಾನ್‌ಫ್ರೆಡ್ ಶ್ರೋಡರ್ ಸೂತ್ರದ ಪ್ರಕಾರ ಇಂಥ ಕೋಣೆಯಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಆಡಳಿತ ಕೋಣೆಯದು. ಅದಕ್ಕಿಂತ ಮೇಲೆ ಸ್ಪೀಕರಿನದು. ಹೀಗಾಗಿ ಸ್ಪೀಕರಿನ ಗುಣವನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಬಾಸನ್ನು ಮಾತ್ರ ಜಾಗ ಬದಲಿಸಿ ಗಳಿಸಬೇಕು. ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ತೊಡಕು: ಸಿಮೆಂಟಿನ ಗೋಡೆ, ಗ್ರಾನೈಟ್ ಅಥವಾ ರೆಡ್ ಆಕ್ಸೈಡ್ ನೆಲ. ಮರದ ಹಲಗೆಯ ಪಾಶ್ಚಾತ್ಯ ಮನೆಗಳು ಬಾಸನ್ನು ಒಂದಿಷ್ಟು ಸೋರಿಹೋಗಲು ಬಿಡುತ್ತವೆ, ನಮ್ಮವು ಬಿಡುವುದಿಲ್ಲ. ಅಲ್ಲಿನ ವಿಮರ್ಶೆಯಲ್ಲಿ ‘ಬಾಸ್ ಸ್ವಲ್ಪ ತೆಳು’ ಎನಿಸಿಕೊಂಡ ಸ್ಪೀಕರ್ ಇಲ್ಲಿ ಸರಿಹೋಗುವುದುಂಟು. ದಪ್ಪ ಜಮಖಾನೆ, ತುಂಬಿದ ಪುಸ್ತಕದ ಕಪಾಟು, ಬಟ್ಟೆಯ ಸೋಫಾ ಮೇಲಿನ ಸ್ವರಗಳ ಪ್ರತಿಧ್ವನಿಯನ್ನು ತಗ್ಗಿಸುತ್ತವೆ; ಬಾಸಿಗೆ ಅವು ಏನೂ ಮಾಡಲಾರವು.

ಏನು ಕೇಳುತ್ತೀರಿ ಎಂಬುದೂ ಮುಖ್ಯ. ಗಾಯಕರು ಸಿ-ಶಾರ್ಪ್ ಶ್ರುತಿಯಲ್ಲಿ ಹಾಡುವಾಗ ತಂಬೂರಿಯ ಖರಜದ ತಂತಿ ಮಿಡಿಯುವುದು ಸುಮಾರು 69 ಹರ್ಟ್ಸ್‌ನಲ್ಲಿ. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಲು 30 ಹರ್ಟ್ಸ್‌ವರೆಗೆ ಇಳಿಯುವ ದೈತ್ಯ ಪೆಟ್ಟಿಗೆ ಬೇಕಿಲ್ಲ. ಪೈಪ್ ಆರ್ಗನ್ನೋ ಇಂದಿನ ಸಿನಿಮಾ ಸದ್ದೋ ಬೇಕಿದ್ದರೆ ಸಬ್‌ವೂಫರ್ ಸೇರಿಸಬಹುದು. ಒಂದರ ಬದಲು ಎರಡು ಇಟ್ಟರೆ ಕೋಣೆಯ ಏರುತಗ್ಗು ಕಡಿಮೆಯಾಗುತ್ತದೆ.

ಈಗ ಅಳತೆಯ ಮೈಕೊಂದನ್ನು ಕೊಂಡು, ಪುಕ್ಕಟೆ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶದಲ್ಲಿ ನಮ್ಮ ಹಾಲಿನ ಏರುತಗ್ಗನ್ನು ನಾವೇ ನೋಡಬಹುದು. ಸ್ವೀಡನ್ನಿನ ಡಿರಾಕ್‌ನಂಥ ತಿದ್ದುಪಡಿ ವ್ಯವಸ್ಥೆಗಳು ಉಬ್ಬುಗಳನ್ನು ಚೆನ್ನಾಗಿ ತಗ್ಗಿಸುತ್ತವೆ; ನಾದ ರದ್ದಾದ ಗುಂಡಿಯನ್ನು ತುಂಬಲು ಅವಕ್ಕೂ ಆಗದು, ಕುರ್ಚಿಯನ್ನೋ ಸ್ಪೀಕರನ್ನೋ ಸರಿಸಬೇಕು. ಹಿಂದಕ್ಕೆ ನಾದ ಹೋಗದಂತೆ ತಡೆದು ಗೋಡೆಯ ಹತ್ತಿರವೇ ನಿಲ್ಲಬಲ್ಲ ಕಾರ್ಡಿಯಾಯ್ಡ್ ಸ್ಪೀಕರುಗಳು ಕಳೆದ ದಶಕದಲ್ಲಿ ಬಂದಿವೆ, ಬೆಲೆ ಮಾತ್ರ ಬಿಸಿ. ಅದು ಇಳಿಯುವವರೆಗೆ ಗೋಡೆಗೆ ಅಂಟಿಸಿಯೇ ಇಡಬೇಕಾದವರು ಹಿಂಬದಿಯಲ್ಲಿ ಕಿಂಡಿಯಿಲ್ಲದ, ವಿಲ್ಚರ್ ಮಾದರಿಯ ಮುಚ್ಚಿದ ಪೆಟ್ಟಿಗೆಯನ್ನೇ ಮೊದಲು ಕೇಳಿ ನೋಡಲಿ. ಸಾಧ್ಯವಾದರೆ ಅಂಗಡಿಯಲ್ಲಲ್ಲ, ಮನೆಗೆ ತರಿಸಿಕೊಂಡು.